ಮೂಕಿಯ ಭಾರ

ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಮಾರ್ಲಿಸ್ ನಾಲ್ಕು ಸಲ ಎದ್ದು ಅಡುಗೆಮನೆಯ ಕಿಟಕಿಗೆ ಹೋಗಿ ಬಂದಳು. ಅಂಗಳದಲ್ಲಿ ಅದು ನಿಂತೇ ಇತ್ತು. ಇಪ್ಪತ್ತಮೂರು ಅಡಿ ಉದ್ದದ ಬಿಳಿ ಟ್ರೇಲರು. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲವೂ ಇರುವ, ಗಾಲಿಯ ಮೇಲಿನ ಮನೆ. ಅದರ ಪಕ್ಕದಲ್ಲಿ ನಿಂತ ಅವಳ ಎಸ್‌ಯುವಿ ಆನೆಯ ಪಕ್ಕ ಕಟ್ಟಿದ ಕರುವಿನ ಹಾಗೆ ಕಾಣುತ್ತಿತ್ತು.

"ಅದೇನು ಓಡಿಹೋಗಲ್ಲ ಕಣೆ. ಕೂತ್ಕೊಂಡು ತಿನ್ನು," ಎಂದಳು ಅಕ್ಕ ಲವಾನ್, ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸುತ್ತ.

"ಅದು ಓಡಿಹೋಗೋದಲ್ಲ ಲವಾನ್. ಇಳಿಜಾರಲ್ಲಿ ನಮ್ಮನ್ನೂ ಎಳ್ಕೊಂಡು ಓಡುತ್ತೆ, ಅದು ನನ್ನ ಚಿಂತೆ."

"ನಿನಗೆ ಚಿಂತೆ ಮಾಡೋಕೆ ಏನಾದ್ರೂ ಬೇಕಿತ್ತು. ಸಿಕ್ತಲ್ಲ, ಸಂತೋಷಪಡು."

ಅಕ್ಕನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತಮ್ಮ ಊರಾದ ಗ್ಲೆಂಡೈವಿನ ಧಾನ್ಯದ ಗೋದಾಮಿನಲ್ಲಿ ಮಾರ್ಲಿಸ್ ಇಪ್ಪತ್ತೊಂಬತ್ತು ವರ್ಷ ವೇಬ್ರಿಜ್ಜಿನ ಮೇಲೆ ಲಾರಿಗಳನ್ನು ತೂಗಿದ್ದಳು. ಸುಗ್ಗಿಯಲ್ಲಿ ದಿನಕ್ಕೆ ಇನ್ನೂರು ಲಾರಿ. ಕಣ್ಣಿನಲ್ಲಿ ನೋಡಿಯೇ ಇದರಲ್ಲಿ ಗೋಧಿ ಇಷ್ಟಿದೆ ಎಂದು ಹೇಳಿ, ಮುಳ್ಳು ಅಲ್ಲಿಗೇ ಬಂದು ನಿಲ್ಲುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದಳು. ಸೆಪ್ಟೆಂಬರಿನಲ್ಲಿ ನಿವೃತ್ತಿಯಾಯಿತು. ಕೇಕು ಕತ್ತರಿಸಿದರು, ಗಡಿಯಾರ ಕೊಟ್ಟರು. ಮಾರನೆಯ ದಿನದಿಂದ ಅವಳಿಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗಲಿಲ್ಲ. ಮಡಿಸಿಟ್ಟ ಟವೆಲ್ಲನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದಳು. ಅಂಚೆಪೆಟ್ಟಿಗೆಯವರೆಗೆ ಹೋಗಿ, ಯಾಕೆ ಬಂದೆ ಎಂದು ಮರೆತು ತಿರುಗಿ ಬರುತ್ತಿದ್ದಳು.

ಲವಾನ್ ಅವಳಿಗಿಂತ ಆರು ವರ್ಷ ದೊಡ್ಡವಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದೊಡ್ಡ ದೊಡ್ಡ ಪಾತ್ರೆ ಎತ್ತಿ ಇಳಿಸಿದವಳು, ತೋಳುಗಳು ಇನ್ನೂ ಗಟ್ಟಿ. ಗಂಡ ಆರ್ವಿಲ್ ತೀರಿಕೊಂಡ ಮೇಲೆ ಎರಡು ವರ್ಷದಿಂದ ತಂಗಿಯ ಮನೆಯಲ್ಲೇ ಇದ್ದಳು. ಪ್ರತಿ ವಸಂತದಲ್ಲಿ ಯೆಲ್ಲೋಸ್ಟೋನ್ ನದಿಯ ಮೇಲಿನ ಮಂಜುಗಡ್ಡೆ ಒಡೆದು ಹೋದಮೇಲೆ ಗಂಡ ಹೆಂಡತಿ ಇಬ್ಬರೂ ಹೊಳೆದಂಡೆಯ ಗರಸಿನಲ್ಲಿ ಬಗ್ಗಿ ನಡೆದು ಅಗೇಟ್ ಕಲ್ಲು ಆರಿಸುತ್ತಿದ್ದರು. ಹೊರಗಿನಿಂದ ನೋಡಿದರೆ ಸುಟ್ಟ ಆಲೂಗಡ್ಡೆ. ಕತ್ತರಿಸಿ ಉಜ್ಜಿದರೆ ಒಳಗೆ ಕಾಡು, ಕೆರೆ, ಸಂಜೆಯ ಮೋಡ. ಚಳಿಗಾಲದಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಕಲ್ಲಿನ ಸಂತೆ ನಡೆಯುತ್ತದೆ, ದೇಶದ ಮೂಲೆ ಮೂಲೆಯಿಂದ ಜನ ಟ್ರೇಲರು ಕಟ್ಟಿಕೊಂಡು ಬಂದು ತಿಂಗಳುಗಟ್ಟಲೆ ಅಲ್ಲೇ ಬೀಡುಬಿಡುತ್ತಾರೆ. ಈ ಚಳಿಗಾಲ ಅಲ್ಲಿಗೆ ಹೋಗಬೇಕು, ನೀನೇ ಗಾಡಿ ಓಡಿಸಬೇಕು ಎಂದು ಲವಾನ್ ಹಟ ಹಿಡಿದಿದ್ದಳು. ಕಣ್ಣಿನ ಡಾಕ್ಟರು ಅವಳಿಗೆ ಹೆದ್ದಾರಿಯಲ್ಲಿ ಕಾರು ಓಡಿಸಬೇಡಿ ಅಂದಿದ್ದರು. ಮಾರ್ಲಿಸ್ ಆಯಿತು ಎಂದಿದ್ದಳು. ಆದರೆ ಟ್ರೇಲರನ್ನು ಒಟ್ಟಿಗೆ ಹೋಗಿ ನೋಡೋಣ ಎಂದುಕೊಂಡಿದ್ದವಳಿಗೆ, ಲವಾನ್ ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಮೈಲ್ಸ್ ಸಿಟಿಗೆ ಹೋಗಿ ಕೊಂಡೇ ತಂದುಬಿಟ್ಟಿದ್ದಾಳೆಂದು ತಿಳಿದದ್ದು ಅದು ಅಂಗಳಕ್ಕೆ ಬಂದು ನಿಂತಾಗ.

"ಮಾರಿದೋನು ಏನಂದ ಗೊತ್ತಾ? ನಿಮ್ಮ ತಂಗಿ ಕಾರು ಐದು ಸಾವಿರ ಪೌಂಡು ಎಳೆಯುತ್ತೆ, ಇದು ಖಾಲಿ ನಾಲ್ಕು ಸಾವಿರದ ನೂರು, ಕಣ್ಣು ಮುಚ್ಕೊಂಡು ಎಳೀರಿ ಅಂದ."

"ಅವನು ಕಣ್ಣು ಮುಚ್ಕೊಂಡೇ ಮಾರಿದಾನೆ. ಬಾ ಇಲ್ಲಿ."

ಮಾರ್ಲಿಸ್ ಅಕ್ಕನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಕಾರಿನ ಚಾಲಕನ ಕಡೆಯ ಬಾಗಿಲು ತೆರೆದಳು. ಬಾಗಿಲ ಚೌಕಟ್ಟಿನಲ್ಲಿ ಒಂದು ಹಳದಿ ಬಿಳಿ ಚೀಟಿ ಅಂಟಿಸಿತ್ತು. ಜನ, ಸಾಮಾನು ಎಲ್ಲ ಸೇರಿ ಸಾವಿರದ ಇನ್ನೂರ ಹತ್ತು ಪೌಂಡು ಮೀರಬಾರದು ಎಂದು ಅದರಲ್ಲಿ ಬರೆದಿತ್ತು.

"ಎಳೆಯೋದು ಬೇರೆ, ಹೊರೋದು ಬೇರೆ. ಟ್ರೇಲರಿನ ಮೂಕಿ, ಅದೇ ಈ ಮುಂದೆ ಚಾಚಿರೋ ಕಂಬ, ಕಾರಿನ ಹಿಂಭಾಗದ ಮೇಲೆ ಕೂರುತ್ತಲ್ಲ, ಆ ಭಾರ ಕಾರು ಹೊರ್ಬೇಕು. ನನ್ನ ಭಾರ, ನಿನ್ನ ಭಾರ, ಕೊಂಡಿ ಭಾರ, ನಿನ್ನ ಬಾಣಲೆಗಳ ಭಾರ, ಎಲ್ಲ ಇದರಲ್ಲೇ ಬರ್ಬೇಕು."

"ಹಾಗಾದ್ರೆ ಮೂಕಿ ಹಗುರ ಮಾಡಿದ್ರಾಯ್ತು. ಸಾಮಾನೆಲ್ಲ ಹಿಂದಕ್ಕೆ ಹಾಕೋಣ."

"ಅದೇ ಮಾಡ್ಬಾರದು! ಹಿಂಭಾರ ಆದ್ರೆ ಟ್ರೇಲರು ಬಾಲ ಅಲ್ಲಾಡಿಸುತ್ತೆ. ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಜಾಸ್ತೀನೇ ಮೂಕಿ ಮೇಲಿರ್ಬೇಕು. ತಾತನ ಕುದುರೆಗಾಡಿಗೂ ಇದೇ ಲೆಕ್ಕ ಇತ್ತು."

"ತಾತ ಕುದುರೆಗಾಡೀಲಿ ಅರಿಜೋನಾಕ್ಕೆ ಹೋಗ್ಲಿಲ್ಲ," ಎಂದು ಲವಾನ್ ಒಳಗೆ ಹೋದಳು.

ಚಿಕ್ಕಂದಿನಿಂದಲೂ ಹೀಗೆಯೇ. ಲವಾನ್ ಮೊದಲು ಮಾಡಿಬಿಡುತ್ತಿದ್ದಳು, ಅದನ್ನು ಸರಿಹೊಂದಿಸುವ ಕೆಲಸ ಮಾರ್ಲಿಸಳ ಪಾಲಿಗೆ ಬರುತ್ತಿತ್ತು. ಆದರೆ ಈ ಸಲ ಅವಳು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ನೀರು, ಪಾತ್ರೆ, ಲವಾನಳ ಕಲ್ಲಿನ ಬಕೆಟ್ಟು ಎಲ್ಲ ತುಂಬಿದ ಟ್ರೇಲರನ್ನು ಮೆಲ್ಲಗೆ, ಊರೊಳಗಿನ ದಾರಿಯಲ್ಲೇ ಎಳೆದುಕೊಂಡು ಗೋದಾಮಿಗೆ ಹೋದಳು. ಅವಳ ಕುರ್ಚಿಯಲ್ಲಿ ಈಗ ಕೂರುತ್ತಿದ್ದ ವೆಂಡೆಲ್ ಕಿಟಕಿಯಿಂದ ತಲೆ ಹಾಕಿದ.

"ಏನಮ್ಮ, ಈ ಸಲ ಬೆಳೆ ಜೋರಾ?"

"ಕಲ್ಲಿನ ಬೆಳೆ ವೆಂಡೆಲ್. ತೂಗು."

ಟ್ರೇಲರೊಂದೇ ಐದು ಸಾವಿರದ ಏಳುನೂರು. ಮಾರ್ಲಿಸ್ ಚೀಟಿಯನ್ನು ಅಕ್ಕನ ಮುಂದೆ ಹಿಡಿದಳು. ಲವಾನ್ ಅದನ್ನು ಓದುವ ಗೋಜಿಗೆ ಹೋಗದೆ ಕೈ ಕಟ್ಟಿಕೊಂಡು ನಿಂತಳು. ಅಲ್ಲೇ, ಗೋದಾಮಿನ ಅಂಗಳದಲ್ಲೇ, ತೊಟ್ಟಿಯ ನೀರೆಲ್ಲ ಬಸಿದು ಹೊರಗೆ ಹರಿಸಿದರು. ಅಲ್ಲಿಂದ ಮನೆಗೆ ಬಂದು ಕಲ್ಲಿನ ಬಕೆಟ್ಟುಗಳನ್ನು ಒಂದೊಂದಾಗಿ ಶೆಡ್ಡಿಗೆ ಇಳಿಸಿದರು. ಪ್ರತಿ ಬಕೆಟ್ಟಿಗೂ ಜಗಳ.

"ಇದು ಪಾಚಿ ಅಗೇಟು. ಇದನ್ನ ಬಿಟ್ಟು ಬರಲ್ಲ."

"ಇದರಂಥದ್ದೇ ಇನ್ನೊಂದು ಬಕೆಟ್ಟಿದೆಯಲ್ಲ?"

"ನಿನಗೆ ಕಲ್ಲೂ ಒಂದೇ, ಕಲ್ಲಂಗಡೀನೂ ಒಂದೇ."

ಕೊನೆಗೆ ಆರು ಬಕೆಟ್ಟು ಮಾತ್ರ ತೆಗೆದುಕೊಂಡು ಹೋಗುವುದು, ಅವೂ ಗಾಲಿಗಳಿಗಿಂತ ಮುಂದೆ ನೆಲದ ಮೇಲೆ ಇರಬೇಕು ಎಂದು ಒಪ್ಪಂದವಾಯಿತು. ಮತ್ತೆ ತೂಗಿದಾಗ ನಾಲ್ಕು ಸಾವಿರದ ಆರುನೂರು. ಮೂಕಿಯ ಕಾಲನ್ನು ಮಾತ್ರ ವೇಬ್ರಿಜ್ಜಿನ ಮೇಲೆ ಇಟ್ಟು ನೋಡಿದರೆ ಐನೂರ ಅರವತ್ತು. ಮಾರ್ಲಿಸ್ ಬೆರಳಲ್ಲಿ ಎಣಿಸಿದಳು. ಕಾರು ಹೊರಬಹುದಾದ ಭಾರದಲ್ಲಿ ನಲವತ್ತು ಪೌಂಡು ಮಿಕ್ಕಿತ್ತು. ಕಾರಿಗೆ ಟ್ರೇಲರಿನ ಬ್ರೇಕು ಒತ್ತುವ ಪೆಟ್ಟಿಗೆಯನ್ನೂ ಹಾಕಿಸಿದಳು, ಸ್ಟಿಯರಿಂಗಿನ ಕೆಳಗೆ, ಬಲಗೈಗೆ ನಿಲುಕುವ ಹಾಗೆ.

"ಆಯ್ತಾ? ಈಗಲಾದ್ರೂ ನಿದ್ದೆ ಮಾಡ್ತೀಯಾ?" ಎಂದಳು ಲವಾನ್.

"ಲೆಕ್ಕ ಸರಿ ಇದೆ. ಆದ್ರೆ ಬಿಗಿ ಇದೆ."

ಅಕ್ಟೋಬರಿನ ಕೊನೆಯ ವಾರ ಹೊರಟರು. ಹೊರಡುವ ಬೆಳಿಗ್ಗೆ ಮಾರ್ಲಿಸ್ ಬ್ಯಾಂಕಿಗೂ ಔಷಧಿ ಅಂಗಡಿಗೂ ಹೋಗಿ ಬರುವಷ್ಟರಲ್ಲಿ ಲವಾನ್ ಎಲ್ಲ ಮುಗಿಸಿ, ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಹಣೆಯ ಮೇಲೆ ಬೆವರಿತ್ತು. ಮಾರ್ಲಿಸ್ ಕಾರಿಗೆ ಕೊಂಡಿ ಸಿಕ್ಕಿಸಿ, ಸರಪಳಿ ಬಿಗಿದು, ಹಿಂದೆ ಸರಿದು ನೋಡಿದಳು. ಮೊನ್ನೆ ತೂಗಿದ ದಿನ ಕಾರಿನ ಹಿಂಭಾಗ ಎರಡು ಬೆರಳಿನಷ್ಟು ಕುಸಿದಿತ್ತು. ಇವತ್ತು ಅಷ್ಟು ಕುಸಿದಿರಲಿಲ್ಲ.

"ಲವಾನ್, ಕಾರು ಎತ್ತರ ನಿಂತಿದೆಯಲ್ಲ?"

"ಒಳ್ಳೇದೇ ಆಯ್ತಲ್ಲ. ಅದಕ್ಕೂ ಕೊರಗ್ಬೇಕಾ? ಹತ್ತು, ಹತ್ತು, ಬಿಸಿಲು ಏರ್ತಾ ಇದೆ."

ಮಾರ್ಲಿಸ್ ಹತ್ತಿದಳು. ಆದರೆ ಆ ಎರಡು ಬೆರಳು ಅವಳ ತಲೆಯೊಳಗೆ ಹೊಕ್ಕು ಕೂತವು. ಮೈಲ್ಸ್ ಸಿಟಿ ದಾಟುವಾಗ ನಿಲ್ಲಿಸಿ ಕೊಂಡಿ ನೋಡಿದಳು. ಬ್ರಾಡಸ್ ಹತ್ತಿರ ನಿಲ್ಲಿಸಿ ಟೈರುಗಳ ಗಾಳಿ ನೋಡಿದಳು. ದಾರಿ ನೇರವಿದ್ದಲ್ಲೂ ಹಿಂದಿನಿಂದ ಯಾರೋ ಸೆರಗು ಹಿಡಿದು ಮೆಲ್ಲಗೆ ಅತ್ತಿತ್ತ ಜಗ್ಗಿದಂತೆ ಆಗುತ್ತಿತ್ತು. ಅವಳು ಐವತ್ತೈದು ಮೈಲಿಯ ವೇಗ ಮೀರಲಿಲ್ಲ. ಹಿಂದೆ ಬಂದವರೆಲ್ಲ ಹಾರ್ನು ಹೊಡೆದು ದಾಟಿ ಹೋದರು.

"ಅಗೋ, ಆ ಮುದುಕನೂ ನಮ್ಮನ್ನ ದಾಟಿ ಹೋದ. ಒಂದು ಟ್ರ್ಯಾಕ್ಟರನ್ನಾದ್ರೂ ಹಿಂದೆ ಹಾಕು, ಪುಣ್ಯ ಬರುತ್ತೆ," ಎಂದು ಲವಾನ್ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ ಕೂತಿದ್ದಳು. ಆದರೆ ತಂಗಿ ಟ್ರೇಲರಿನ ಬಾಗಿಲ ಕಡೆ ಹೋದಾಗಲೆಲ್ಲ ಅವಳ ಬಾಯಿ ನಿಲ್ಲುತ್ತಿತ್ತು. ರಾತ್ರಿ ಜಿಲೆಟ್‌ನಲ್ಲಿ ಉಳಿದಾಗ ಹಿಂದಿನ ಮಂಚ ತನಗೇ ಬೇಕೆಂದು ಹಟ ಮಾಡಿದಳು. ಮಾರ್ಲಿಸ್ ಮುಂದಿನ ಸೋಫಾದಲ್ಲಿ ಮಲಗಿದಳು.

ಎರಡನೆಯ ದಿನ ವಯೋಮಿಂಗಿನ ಬಯಲು. ಕೇಸಿ ಎಂಬ ಪುಟ್ಟ ಊರು ಬರುವಷ್ಟರಲ್ಲಿ ಗಾಳಿ ಎದ್ದಿತ್ತು. ಒಣ ಮುಳ್ಳುಪೊದೆಗಳು ಉರುಳುತ್ತ ರಸ್ತೆ ದಾಟುತ್ತಿದ್ದವು. ಹೆದ್ದಾರಿಯ ದೀಪದ ಫಲಕದಲ್ಲಿ ಜೋರು ಗಾಳಿ, ಎಚ್ಚರ ಎಂದು ಅಕ್ಷರಗಳು ಹೊಳೆದವು. ಪೆಟ್ರೋಲು ಹಾಕಿಸುವಾಗ ಮಾರ್ಲಿಸಳಿಗೆ ಕಾರಿನ ಬಾಗಿಲು ತೆರೆಯಲು ಎರಡೂ ಕೈ ಬೇಕಾಯಿತು.

"ಇಲ್ಲೇ ನಿಲ್ಲೋಣ. ನಾಳೆ ಹೋಗೋಣ."

"ವಯೋಮಿಂಗಲ್ಲಿ ಗಾಳಿ ನಿಲ್ಲೋದನ್ನ ಕಾಯ್ತಾ ಕೂತ್ರೆ ನಮ್ಮಿಬ್ಬರನ್ನೂ ಇಲ್ಲೇ ಹೂಳ್ಬೇಕಾಗುತ್ತೆ. ಕ್ಯಾಸ್ಪರ್ ಇನ್ನೆಷ್ಟು ದೂರ, ಒಂದು ಗಂಟೆ! ಸಂತೇಲಿ ಜಾಗ ಹಿಡೀಬೇಕು ಮಾರ್ಲಿಸ್."

ಮಾರ್ಲಿಸ್ ಫಲಕ ನೋಡಿದಳು, ಅಕ್ಕನ ಮುಖ ನೋಡಿದಳು. ಹೊರಟಳು. ಆಮೇಲೆ ಎಷ್ಟೋ ದಿನ ಅವಳು ಬೈದುಕೊಂಡದ್ದು ಅಕ್ಕನನ್ನಲ್ಲ, ಆ ಗಳಿಗೆಯಲ್ಲಿ ಹೊರಟ ತನ್ನನ್ನು.

ಇಪ್ಪತ್ತು ಮೈಲಿ ಹೋದಮೇಲೆ ಒಂದು ಉದ್ದನೆಯ ಇಳಿಜಾರು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ವೇಗ ಅರವತ್ತು ದಾಟಿತು. ಎಡಗಡೆಯಿಂದ ಹದಿನೆಂಟು ಗಾಲಿಯ ಲಾರಿಯೊಂದು ಬಂದು ದಾಟತೊಡಗಿತು. ಅದರ ಮೂತಿ ಎದುರಿಸಿ ತಂದ ಗಾಳಿ ಟ್ರೇಲರಿನ ಹಿಂಭಾಗವನ್ನು ಬಲಕ್ಕೆ ನೂಕಿತು, ಲಾರಿ ದಾಟಿದ್ದೇ ಎಡಕ್ಕೆ ಹೀರಿಕೊಂಡಿತು. ಅಷ್ಟೇ. ಟ್ರೇಲರು ಬಾಲ ಬೀಸಿತು. ಒಂದು ಸಲ, ಮೆಲ್ಲಗೆ. ಎರಡನೆಯ ಸಲ ಕಾರಿನ ಹಿಂಭಾಗವೇ ಅದರ ಜೊತೆ ಹೋಯಿತು. ಮೂರನೆಯ ಸಲ ಮಾರ್ಲಿಸಳ ಕನ್ನಡಿಯ ತುಂಬ ಟ್ರೇಲರಿನ ಪಕ್ಕದ ಗೋಡೆ ಕಂಡಿತು, ಅದು ತಮ್ಮನ್ನು ಹಿಂದಿಕ್ಕಿ ಮುಂದೆ ಹೋಗಲು ಬರುತ್ತಿದೆಯೋ ಎನ್ನುವ ಹಾಗೆ. ಲವಾನ್ ಏನೋ ಕಿರುಚಿದಳು.

ಮಾರ್ಲಿಸಳ ಕಾಲು ಬ್ರೇಕಿನ ಮೇಲೆ ಹೋಗಿಯೇ ಇತ್ತು. ಒತ್ತಲಿಲ್ಲ. ಕಾರು ನಿಂತು ಟ್ರೇಲರು ನಿಲ್ಲದಿದ್ದರೆ ಚಾಕು ಮಡಿಸಿದ ಹಾಗೆ ಎರಡೂ ಮಡಿಸಿಕೊಳ್ಳುತ್ತವೆ ಎಂದು ಗೋದಾಮಿಗೆ ಬರುವ ಡ್ರೈವರುಗಳು ಹೇಳಿದ್ದನ್ನು ಅವಳು ನೂರು ಸಲ ಕೇಳಿದ್ದಳು. ಎಡಗೈಯಲ್ಲಿ ಸ್ಟಿಯರಿಂಗನ್ನು ನೇರ ಹಿಡಿದು, ಬಲಗೈಯಿಂದ ಆ ಪೆಟ್ಟಿಗೆಯಲ್ಲಿದ್ದ ಟ್ರೇಲರಿನ ಬ್ರೇಕಿನ ಹಿಡಿಯನ್ನು ಪೂರ್ತಿ ಹಿಂಡಿದಳು. ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದು ಜಗ್ಗಿದಂತಾಯಿತು. ಟ್ರೇಲರು ಇನ್ನೊಂದು ಸಲ ಬೀಸಿತು, ಅರ್ಧ ಸಲ ಬೀಸಿತು, ನೇರವಾಯಿತು. ಬಲಗಡೆಯ ಗಾಲಿಗಳು ಹುಲ್ಲಿಗಿಳಿದು ಗರಸು ಸಿಡಿಸುತ್ತ ಸಾಗಿ ನಿಂತವು.

ಸೂರ್ಯಕಾಂತಿ ಬೀಜ ಕಾರಿನ ತುಂಬ ಚೆಲ್ಲಿತ್ತು.

ಮಾರ್ಲಿಸ್ ಇಳಿದಳು. ಟ್ರೇಲರಿನ ಗೋಡೆ ಹಿಡಿದೇ ನಡೆದಳು. ಬಾಗಿಲು ತೆರೆದರೆ ಒಳಗೆ ಹಿಂದಿನ ಮಂಚದ ಹಲಗೆ ಒಡೆದು ಬಿದ್ದಿತ್ತು. ಅದರ ಕೆಳಗಿನ ಗೂಡಿನಿಂದ ಬಕೆಟ್ಟುಗಳು ಉರುಳಿ, ನೆಲದ ತುಂಬ ಕಲ್ಲು. ಅವಳು ಎಣಿಸಿದಳು. ಒಪ್ಪಂದದ ಆರು ಬಕೆಟ್ಟು ಮುಂದೆ ಇದ್ದಲ್ಲೇ ಇದ್ದವು. ಹಿಂದೆ ಇನ್ನೂ ಹತ್ತು.

ಅವಳು ಹೊರಗೆ ಬರುವಾಗ ಲವಾನ್ ಬಾಗಿಲ ಮೆಟ್ಟಿಲ ಬಳಿ ನಿಂತಿದ್ದಳು.

"ಯಾವಾಗ ಹಾಕ್ದೆ?"

"ನೀನು ಬ್ಯಾಂಕಿಗೆ ಹೋದಾಗ."

"ಹತ್ತು ಬಕೆಟ್ಟು! ಗಾಲಿಗಿಂತ ಅಷ್ಟು ಹಿಂದೆ! ನಾನು ಕಾರು ಎತ್ತರ ನಿಂತಿದೆ ಅಂದೆ. ಕೇಳ್ದೆ ತಾನೆ ನಿನ್ನನ್ನ? ನನ್ನ ಮುಖ ನೋಡಿ ಒಳ್ಳೇದೇ ಆಯ್ತು ಅಂದ್ಯಲ್ಲ ಲವಾನ್!"

"ಇಷ್ಟಾಗುತ್ತೆ ಅಂತ ನನಗೇನು ಗೊತ್ತು?"

"ನನಗೆ ಗೊತ್ತಿತ್ತು! ಬಾಯಿ ಬಡ್ಕೊಂಡೆ! ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ!"

ಮಾರ್ಲಿಸ್ ಜೀವನದಲ್ಲಿ ಅಕ್ಕನ ಮುಂದೆ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಆ ಸದ್ದಿಗೆ ಅವಳೇ ಬೆಚ್ಚಿ ನಿಂತಳು. ಆಗ ಮೆಟ್ಟಿಲ ಮೇಲೆ ಉರುಳಿ ಬಂದಿದ್ದ ಒಂದು ಕಲ್ಲು ಅವಳ ಕಣ್ಣಿಗೆ ಬಿತ್ತು. ಅದು ಮಾರುವ ಕಲ್ಲಲ್ಲ. ಆರ್ವಿಲ್ ಕೊನೆಯ ವರ್ಷ ಕತ್ತರಿಸಿ ಲವಾನಳ ಮಂಚದ ಪಕ್ಕ ಇಟ್ಟಿದ್ದದ್ದು. ಅದರ ಹಿಂದೆ ಒಂದು ಬಕೆಟ್ಟಿನಲ್ಲಿ ಕಲ್ಲು ಕೊಯ್ಯುವ ಯಂತ್ರದ ಗರಗಸ, ಇನ್ನೊಂದರಲ್ಲಿ ಮದುವೆಯ ಪಟಗಳು, ಬೇಸಿಗೆಯ ಹ್ಯಾಟು, ಅಮ್ಮನ ಹಿಟ್ಟಿನ ಜರಡಿ.

ತೂಕ ಹಾಕಿ ಅಭ್ಯಾಸವಿದ್ದವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಚಳಿಗಾಲಕ್ಕೆ ಹೋಗೋರು ಇದನ್ನೆಲ್ಲ ಹೊರಲ್ಲ," ಎಂದಳು ಮೆಲ್ಲಗೆ.

ಲವಾನ್ ರಸ್ತೆಯ ಕಡೆ ತಿರುಗಿದಳು. ಗಾಳಿ ಅವಳ ಕೂದಲನ್ನು ಮುಖದ ತುಂಬ ಹರಡಿತು, ಅವಳು ತೆಗೆಯಲಿಲ್ಲ.

"ಅಲ್ಲಿ ವರ್ಷಪೂರ್ತಿ ಇರೋಕೆ ಒಂದು ಜಾಗ ಗೊತ್ತುಮಾಡಿದ್ದೀನಿ. ನಾನು ವಾಪಸ್ ಬರಲ್ಲ ಮಾರ್ಲಿಸ್."

"ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಕರ್ಕೊಂಡು ಬರ್ತಿರ್ಲಿಲ್ಲ. ನನ್ನ ಕೈಲಿ ಕಾರು ಓಡ್ಸೋಕಾಗಲ್ಲ. ಬಸ್ಸಲ್ಲಿ ಕಲ್ಲು ತಗೊಂಡು ಹೋಗೋಕಾಗಲ್ಲ."

"ನನ್ನ ಮನೇಲಿ ನಿನಗೇನು ಕಮ್ಮಿ ಆಗಿತ್ತು?"

"ಏನೂ ಇಲ್ಲ. ಅದೇ. ಟವೆಲ್ಲು ಎಲ್ಲಿಡ್ಬೇಕು ಅಂತ ನಿನ್ನ ಕೇಳ್ಬೇಕು. ಟೀವಿ ಸದ್ದು ಎಷ್ಟಿರ್ಬೇಕು ಅಂತ ನಿನ್ನ ಕೇಳ್ಬೇಕು. ನೀನು ಒಳ್ಳೆಯವಳು ಕಣೆ, ಬೈಯಲ್ಲ, ನಾನಿಟ್ಟಿದ್ದನ್ನ ತೆಗೆದು ಬೇರೆ ಕಡೆ ಇಡ್ತೀಯ ಅಷ್ಟೆ. ಎರಡು ವರ್ಷದಿಂದ ನಾನು ನಿನ್ನ ಮನೇಲಿ ನೆಂಟಳು. ಅಲ್ಲಿ ಆರ್ವಿಲ್ ಗುರುತಿದ್ದೋರು ನಾಲ್ಕು ಜನ ಇದ್ದಾರೆ. ನನ್ನದು ಅಂತ ಒಂದು ಬಾಗಿಲಿರುತ್ತೆ."

ಮಾರ್ಲಿಸ್ ತಂತಿಬೇಲಿಯ ಪಕ್ಕ ನಡೆಯತೊಡಗಿದಳು. ಗಾಳಿ ಬೆನ್ನಿಗೆ ಗುದ್ದುತ್ತಿತ್ತು. ಬೇಲಿಯ ಆಚೆ ಹುಲ್ಲೆಗಳ ಹಿಂಡೊಂದು ತಲೆಯೆತ್ತಿ ಅವಳನ್ನು ನೋಡಿತು. ಅಕ್ಕ ಹೋಗುತ್ತಾಳೆ ಎನ್ನುವುದಕ್ಕಿಂತ, ಅಕ್ಕ ಹೋಗಬೇಕೆಂದು ಎರಡು ವರ್ಷ ಅಂದುಕೊಂಡದ್ದು ತನಗೆ ಒಂದು ಪೌಂಡಿನಷ್ಟೂ ತಿಳಿಯಲಿಲ್ಲವಲ್ಲ ಎನ್ನುವುದು ಹೆಚ್ಚು ಕುಟುಕಿತು. ಟವೆಲ್ಲಿನ ಮಾತಂತೂ ನಿಜವಾಗಿತ್ತು. ಅವಳು ತಿರುಗಿ ಬರುವ ಹೊತ್ತಿಗೆ ಟ್ರೇಲರಿನ ಮುಂದೆ ಒಂದು ದೊಡ್ಡ ಪಿಕಪ್ಪು ನಿಂತಿತ್ತು. ಉಣ್ಣೆಯ ಟೋಪಿ ಹಾಕಿದ ನಡುವಯಸ್ಸಿನ ಹೆಂಗಸೊಬ್ಬಳು ಕೈಗವಸು ಏರಿಸುತ್ತ ಇಳಿದಿದ್ದಳು. ಅವಳ ಹೆಸರು ಟ್ವೈಲಾ, ಪಕ್ಕದ ಬಯಲಿನಲ್ಲಿ ಕುರಿ ಸಾಕುವವಳು. ದೂರದಿಂದ ಎಲ್ಲವನ್ನೂ ನೋಡಿದ್ದಳು.

"ನೀವು ಬಾಲ ಬೀಸ್ಕೊಂಡು ಬಂದದ್ದು ನೋಡಿ, ಮುಗೀತು, ಇವತ್ತು ಹೆಣ ಎತ್ಬೇಕು ಅಂದ್ಕೊಂಡೆ," ಎಂದಳು. "ಯಾರು ಓಡಿಸ್ತಿದ್ದಿದ್ದು?"

"ನಾನು."

"ಕೈ ಕೊಡಿ ಇಲ್ಲಿ." ಟ್ವೈಲಾ ಗಟ್ಟಿಯಾಗಿ ಕೈ ಕುಲುಕಿದಳು. ಆಮೇಲೆ ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿ, ಒಳಗೆ ಇಣುಕಿ, ಸಿಳ್ಳೆ ಹಾಕಿದಳು. "ಕಲ್ಲು! ನಮ್ಮ ಹೊಲದಲ್ಲಿ ಪುಕ್ಕಟೆ ಕೊಡ್ತಿದ್ನಲ್ಲ! ಮಂಚದ ಕೆಳಗೆ ಹಾಕಿದ ಪುಣ್ಯಾತ್ಮರು ಯಾರು?"

ಲವಾನ್ ಕೈ ಎತ್ತಿದಳು, ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಮಗುವಿನ ಹಾಗೆ. ಮಾರ್ಲಿಸಳಿಗೆ ತಡೆಯಲಾಗದೆ ನಗು ಬಂತು, ನಗುವಿನ ಜೊತೆ ಅಳುವೂ ಬಂತು, ಎರಡನ್ನೂ ಗಾಳಿಯ ಮೇಲೆ ಹಾಕಿ ಮುಖ ಒರೆಸಿಕೊಂಡಳು.

ಟ್ವೈಲಾಳೇ ಟ್ರೇಲರನ್ನು ತನ್ನ ಪಿಕಪ್ಪಿಗೆ ಸಿಕ್ಕಿಸಿಕೊಂಡಳು. ಕಲ್ಲುಗಳನ್ನೆಲ್ಲ ಮೂವರೂ ಪಿಕಪ್ಪಿನ ಹಿಂಭಾಗಕ್ಕೆ ತುಂಬಿದರು. ಆ ಗಾಡಿ ಎಲ್ಲವನ್ನೂ ಹೊತ್ತು, ಮಗು ಆಟಿಕೆ ಎಳೆದ ಹಾಗೆ ಹೊರಟಿತು. ಮಾರ್ಲಿಸ್ ಹಗುರವಾದ ಕಾರಿನಲ್ಲಿ ಹಿಂದೆ ಹಿಂದೆ ಹೋದಳು. ಟ್ರೇಲರು ಅಲುಗದೆ ಹೋಗುತ್ತಿತ್ತು. ಕ್ಯಾಸ್ಪರಿನ ಟ್ರೇಲರ್ ಅಂಗಡಿಯ ಅಂಗಳದಲ್ಲಿ ಕಲ್ಲು ಇಳಿಸಿ, ಟ್ರೇಲರು ಬಿಚ್ಚಿ ನಿಲ್ಲಿಸಿ ಟ್ವೈಲಾ ಹೇಳಿದಳು:

"ನಿಮ್ಮ ಕಾರೂ ಚೆನ್ನಾಗಿದೆ, ಈ ಟ್ರೇಲರೂ ಚೆನ್ನಾಗಿದೆ. ಜೋಡಿ ಸರಿ ಇಲ್ಲ ಅಷ್ಟೆ. ಮತ್ತೆ ಒಂದಕ್ಕೊಂದು ಕಟ್ಟೋಕೆ ಹೋಗ್ಬೇಡಿ."

ಕೊಟ್ಟ ಹಣ ಮುಟ್ಟದೆ, ಲವಾನ್ ಆರಿಸಿ ಕೊಟ್ಟ ಒಂದು ಕಲ್ಲನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋದಳು.

ಲವಾನ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಳು. ಅವಳು ಅಷ್ಟು ಚಿಕ್ಕವಳಾಗಿ ಕಂಡದ್ದನ್ನು ಮಾರ್ಲಿಸ್ ಹಿಂದೆಂದೂ ನೋಡಿರಲಿಲ್ಲ.

"ಮಾರಿಬಿಡು ಅಂತೀಯಾ?" ಎಂದಳು ಲವಾನ್. "ಚಿಕ್ಕದು ತಗೊಂಡ್ರೆ ನಿನ್ನ ಕಾರು ಎಳೆಯುತ್ತೆ. ನನಗೆ ಅದೇ ಸಾಕು."

"ಚಿಕ್ಕದರಲ್ಲಿ ನೀನು ವರ್ಷಪೂರ್ತಿ ಇರೋಕಾಗುತ್ತಾ? ಕಲ್ಲು ಕೊಯ್ಯೋ ಯಂತ್ರ ಎಲ್ಲಿಡ್ತೀಯ, ತಲೆ ಮೇಲಾ?"

ಮಾರ್ಲಿಸ್ ಅಂಗಡಿಯೊಳಕ್ಕೆ ಹೋದಳು. ಅರ್ಧ ಗಂಟೆ ಬರಲಿಲ್ಲ. ಅಲ್ಲಿ ವಿಚಾರಿಸಿದರೆ, ಪ್ರತಿ ಶರತ್ಕಾಲದಲ್ಲಿ ಉತ್ತರದವರ ಟ್ರೇಲರುಗಳನ್ನು ದೊಡ್ಡ ಟ್ರಕ್ಕಿಗೆ ಕಟ್ಟಿ ದಕ್ಷಿಣಕ್ಕೆ ಸಾಗಿಸುವುದನ್ನೇ ಕಸುಬು ಮಾಡಿಕೊಂಡವನೊಬ್ಬ ಎರಡು ದಿನದಲ್ಲಿ ಅರಿಜೋನಾಕ್ಕೆ ಹೊರಡುವವನಿದ್ದ. ಕಲ್ಲು ಸಹಿತ ಒಯ್ಯಲು ಒಪ್ಪಿದ. ಕಲ್ಲು ಟ್ರೇಲರಿನಲ್ಲಲ್ಲ, ಟ್ರಕ್ಕಿನಲ್ಲಿ ಎಂದು ಮಾರ್ಲಿಸ್ ಮೂರು ಸಲ ಹೇಳಿಸಿಕೊಂಡಳು.

ಅಷ್ಟಕ್ಕೆ ಅವಳು ಹೊರಗೆ ಬರಬಹುದಿತ್ತು. ಬರುವ ದಾರಿಯಲ್ಲಿ, ಸಾಲಾಗಿ ನಿಂತ ದೊಡ್ಡ ಟ್ರೇಲರುಗಳ ನಡುವೆ, ಹದಿನಾರು ಅಡಿಯ ಒಂದು ಹಳೆಯದು ಕಂಡಿತು. ಒಂದೇ ಜೊತೆ ಗಾಲಿ, ದುಂಡು ಮೂತಿ. ಅವಳು ಅದನ್ನು ದಾಟಿ ಹೋದಳು, ತಿರುಗಿ ಬಂದಳು, ಮತ್ತೆ ದಾಟಿ ಹೋದಳು. ಬಾಗಿಲ ಪಕ್ಕದ ತಗಡಿನ ಮೇಲೆ ಬರೆದ ಭಾರ ಓದಿದಳು. ಅಂಗಡಿಯವ ಬಾಯಿ ತೆರೆದು "ಮೇಡಂ, ಇದನ್ನ ಯಾವ ಕಾರು ಬೇಕಾದ್ರೂ..." ಎನ್ನುವಷ್ಟರಲ್ಲಿ ಕೈ ತೋರಿಸಿ ನಿಲ್ಲಿಸಿದಳು.

"ಯಾವ ಕಾರು ಬೇಕಾದ್ರೂ ಅಂತ ಹೇಳ್ಬೇಡಿ. ನನ್ನ ಕಾರು. ತುಂಬಿದ್ಮೇಲೆ ಎಷ್ಟು? ಮೂಕಿ ಎಷ್ಟು? ತೂಗಿ ತೋರ್ಸಿ."

ಊರಾಚೆಯ ಲಾರಿ ನಿಲ್ದಾಣದ ವೇಬ್ರಿಜ್ಜಿಗೆ ಒಯ್ದು ತೂಗಿಸಿದಳು. ನೀರು, ಗ್ಯಾಸು, ಅವಳ ಬಟ್ಟೆಬರೆ ಸೇರಿ ಮೂರು ಸಾವಿರದ ನೂರು. ಮೂಕಿಯ ಮೇಲೆ ಮುನ್ನೂರ ತೊಂಬತ್ತು. ಕಾರು ಹೊರಬಹುದಾದುದರಲ್ಲಿ ಇನ್ನೂ ಬೇಕಾದಷ್ಟು ಮಿಕ್ಕಿತ್ತು. ಸಂಜೆಯೊಳಗೆ ಅದು ಅವಳದಾಯಿತು.

"ನಿನಗ್ಯಾಕೆ ಇದು? ನೀನು ಮನೆಗೆ ತಾನೆ ಹೋಗೋದು?" ಎಂದಳು ಲವಾನ್, ಹೊಸ ಮನೆಯೊಳಗೆ ಬಗ್ಗಿ ಬಗ್ಗಿ ನೋಡುತ್ತ.

"ಗೊತ್ತಿಲ್ಲ."

"ನಿನಗೆ ಗೊತ್ತಿಲ್ಲದ್ದೂ ಒಂದಿದೆಯಾ! ದೇವರು ದೊಡ್ಡವನು."

ಗಾಳಿ ಇಳಿಯುವವರೆಗೆ ಎರಡು ದಿನ ಕ್ಯಾಸ್ಪರಿನಲ್ಲೇ ಉಳಿದರು. ಈ ಸಲ ಲವಾನ್ ಬೇಗ ಹೊರಡೋಣ ಎನ್ನಲಿಲ್ಲ. ದಾರಿಯಲ್ಲಿ ಮಾರ್ಲಿಸ್ ಕೊಂಡಿ ನೋಡಲು ನಿಲ್ಲಿಸಿದಾಗಲೆಲ್ಲ ತಾನೂ ಇಳಿದು, ಕಾಣದ ಕಣ್ಣಿಗೆ ಕನ್ನಡಕ ಏರಿಸಿ, ಸರಪಳಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದಳು. ಕೊಲರಾಡೋದ ಒಂದು ಚಹದಂಗಡಿಯಲ್ಲಿ ಲವಾನ್ ಇದ್ದಕ್ಕಿದ್ದಂತೆ, "ನಿನ್ನನ್ನ ಸಾಯಿಸಿಬಿಡ್ತಿದ್ದೆ," ಎಂದಳು. ಮಾರ್ಲಿಸ್, "ಹೌದು, ಸಾಯಿಸಿಬಿಡ್ತಿದ್ದೆ," ಎಂದು ಅವಳ ತಟ್ಟೆಯಿಂದ ಅರ್ಧ ಕೇಕು ಎತ್ತಿಕೊಂಡಳು.

ಅರಿಜೋನಾದಲ್ಲಿ ಲವಾನಳ ಜಾಗ ಒಂದು ದೊಡ್ಡ ಕಳ್ಳಿಯ ಪಕ್ಕದಲ್ಲಿತ್ತು. ದೊಡ್ಡ ಟ್ರೇಲರು ಅವರಿಗಿಂತ ಮೊದಲೇ ಬಂದು ನಿಂತಿತ್ತು. ಆರ್ವಿಲನ ಹಳೆಯ ಗೆಳೆಯರು ಬಂದು ಅದರ ಗಾಲಿಗಳ ಕೆಳಗೆ ಮರದ ತುಂಡು ಕೊಟ್ಟು, ಮುಂದೆ ನೆರಳಿನ ಚಪ್ಪರ ಕಟ್ಟಿದರು. ವಾರ ಕಳೆಯುವುದರೊಳಗೆ ಲವಾನ್ ಮೇಜು ಹಾಕಿ, ಬಿಸಿಲಲ್ಲಿ ಕಲ್ಲುಗಳ ಮೇಲೆ ನೀರು ಚಿಮುಕಿಸುತ್ತ, ಬಂದವರ ಜೊತೆ ಜಗಳವಾಡಿ ಮಾರುತ್ತಿದ್ದಳು. ಟ್ರೇಲರಿನ ಒಳಗೆ ಟವೆಲ್ಲು ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು. ಮಾರ್ಲಿಸ್ ನೋಡಿಯೂ ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ಕೂತಳು, ಎದ್ದಳು, ಹೊರಗೆ ಹೋದಳು. ಪಕ್ಕದವರ ಕಾರಿನ ಬಾಗಿಲ ಚೀಟಿ ಓದಿ, ಅವರ ಟ್ರೇಲರು ನೋಡಿ, ನೀವು ಬೆಟ್ಟ ಹತ್ತಬೇಡಿ ಎಂದು ಹೇಳಿ ಬಂದಳು. ಮೂರು ದಿನದಲ್ಲಿ ಬೀಡಿನ ಅರ್ಧ ಜನ ಅವಳನ್ನು ಹುಡುಕಿಕೊಂಡು ಬಂದರು, ಉಳಿದರ್ಧ ಜನ ಅವಳನ್ನು ಕಂಡರೆ ತಪ್ಪಿಸಿಕೊಂಡು ತಿರುಗಿದರು.

ಡಿಸೆಂಬರಿನ ಮೊದಲ ವಾರ ಒಂದು ಬೆಳಿಗ್ಗೆ ಲವಾನ್ ಕಾಫಿ ಹಿಡಿದು ಹೊರಗೆ ಬಂದಾಗ, ಮಾರ್ಲಿಸ್ ತನ್ನ ಪುಟ್ಟ ಟ್ರೇಲರಿನ ಮೂಕಿಯನ್ನು ಕಾರಿಗೆ ಇಳಿಸುತ್ತಿದ್ದಳು.

"ಗ್ಲೆಂಡೈವಿಗಾ? ಅಲ್ಲಿನ ಹಿಮದಲ್ಲಿ?"

"ಅಲ್ಲ. ಸಮುದ್ರ ನೋಡಿಲ್ಲ ನಾನು. ಪಶ್ಚಿಮಕ್ಕೆ ಹೋಗಿ ನೋಡ್ತೀನಿ. ಆಮೇಲೆ ತಿಳೀದು."

"ಒಬ್ಬಳೇ?"

"ಒಬ್ಬಳ ಭಾರಕ್ಕೇ ಲೆಕ್ಕ ಹಾಕಿದ್ದೀನಿ. ಮಾರ್ಚಲ್ಲಿ ಈ ದಾರೀಲೇ ಬರ್ತೀನಿ, ಬರೋ ಮುಂಚೆ ಫೋನ್ ಮಾಡ್ತೀನಿ."

ಲವಾನ್ ಕಾಫಿಯ ಲೋಟವನ್ನು ಕಳ್ಳಿಯ ಬುಡದಲ್ಲಿಟ್ಟು ಒಳಗೆ ಹೋಗಿ, ಕೈಯಲ್ಲಿ ಏನೋ ಹಿಡಿದು ಬಂದಳು. ಮಾರ್ಲಿಸ್ ಅದು ಕಲ್ಲೆಂದುಕೊಂಡು ಬೇಡ ಎನ್ನಲು ಬಾಯಿ ತೆರೆದಳು. ಅದು ಕಾಗದದಲ್ಲಿ ಸುತ್ತಿದ ಮೊಟ್ಟೆಯ ಸ್ಯಾಂಡ್‌ವಿಚ್ಚು, ಇನ್ನೂ ಬಿಸಿ.

"ತಗೋ. ಇದೆಷ್ಟು ಪೌಂಡು ಅಂತ ಕೇಳ್ಬೇಡ."

ಮಾರ್ಲಿಸ್ ತೆಗೆದುಕೊಂಡು ಪಕ್ಕದ ಸೀಟಿನ ಮೇಲಿಟ್ಟಳು. ಸರಪಳಿ ಎಳೆದು ನೋಡಿದಳು, ದೀಪಗಳು ಹತ್ತುತ್ತವೆಯೇ ಎಂದು ಲವಾನಳನ್ನು ಹಿಂದೆ ನಿಲ್ಲಿಸಿ ಕೇಳಿದಳು. ಎಡ ಹತ್ತಿತು, ಬಲ ಹತ್ತಿತು. ಮರಳುದಾರಿಯಲ್ಲಿ ಮೆಲ್ಲಗೆ ಹೊರಟು, ಹೆದ್ದಾರಿಗೆ ಏರುವ ಮುನ್ನ ನಿಂತು, ಎಡಕ್ಕೂ ಬಲಕ್ಕೂ ನೋಡಿದಳು. ದಾರಿ ಖಾಲಿಯಿತ್ತು. ಆದರೂ ಇನ್ನೊಂದು ಸಲ ನೋಡಿ, ಆಮೇಲೆ ಕಾರನ್ನು ಪಶ್ಚಿಮಕ್ಕೆ ತಿರುಗಿಸಿದಳು.